ಸಹಾಯ ಬೇಕು: ಪಿಟ್ಯುಟರಿ ತೊಂದರೆಯಿಂದ ಸವೆದ ಮೂಳೆಯ ಆರೈಕೆಯ ಬಗ್ಗೆ

ಮಾನ್ಯರೇ, ಉಡುಪಿಯಲ್ಲಿರುವ ನನ್ನ ಅಕ್ಕನಿಗೆ 38 ವರ್ಷ. ಕಳೆದ ಮಳೆಗಾಲದಲ್ಲಿ ಬಾವಿಕಟ್ಟೆಯ ಬಳಿ ಪಾಚಿಗೆ ಕಾಲು ಜಾರಿ, ಕೈ ಊರಿದಷ್ಟಕ್ಕೇ ಅವಳ ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಝಡ್ ಸ್ಕೋರ್ (ಅದೇ ವಯಸ್ಸಿನವರ ಸರಾಸರಿಯೊಂದಿಗಿನ ಹೋಲಿಕೆ) ಮೈನಸ್ 2.4 ಬಂತು, ಅಂದರೆ ಮೂಳೆಯ ಸಾಂದ್ರತೆ ಅವಳ ವಯಸ್ಸಿಗೆ ಇರಬೇಕಾದುದಕ್ಕಿಂತ ಕಡಿಮೆ. ಎರಡು ವರ್ಷಗಳಿಂದ ಮುಟ್ಟು ನಿಂತಿರುವುದನ್ನು ಅವಳು ಆಗಷ್ಟೇ ಹೇಳಿದಳು (ನಮ್ಮಲ್ಲಿ ಹೆಂಗಸರು ಇದನ್ನು ಏಕಿಷ್ಟು ಮುಚ್ಚಿಡುತ್ತಾರೋ!). ಮುಂದಿನ ಪರೀಕ್ಷೆಯಲ್ಲಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ, ಎದೆಹಾಲು ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಸ್ರವಿಸುವ ಸಣ್ಣ ಗಡ್ಡೆ ಕಂಡಿತು.

ಆಸ್ಟಿಯೋಕ್ಲಾಸ್ಟ್ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತ ಇರುತ್ತವೆ. ಪ್ರೊಲ್ಯಾಕ್ಟಿನ್ ಹೆಚ್ಚಾದಾಗ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ, ಅಂಡಾಶಯವನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನುಗಳ ಸ್ರಾವ ತಗ್ಗಿ, ಮೂಳೆ ಕರಗುವುದನ್ನು ಹತೋಟಿಯಲ್ಲಿಡುವ ಅಂಡಾಶಯದ ಈಸ್ಟ್ರೋಜನ್ ಹಾರ್ಮೋನ್ ಕುಸಿದು, ಕರಗಿಸುವ ಕೆಲಸ ಕಟ್ಟುವ ಕೆಲಸವನ್ನು ಮೀರುತ್ತದೆ ಎಂಬುದು ನನಗೆ ತಿಳಿದದ್ದು ಈ ಪೆಟ್ಟಿನ ನಂತರವೇ.

ಈಗ ಪ್ರೊಲ್ಯಾಕ್ಟಿನ್ ತಗ್ಗಿಸುವ ಕ್ಯಾಬರ್ಗೋಲಿನ್ ಮಾತ್ರೆ ನಡೆಯುತ್ತಿದ್ದು, ಮುಟ್ಟು ಮರಳಿದೆ. ಇಂಥ ಚಿಕಿತ್ಸೆ ಪಡೆದವರು ಇಲ್ಲಿದ್ದರೆ, ನಿಮ್ಮ ಮೂಳೆಯ ಸಾಂದ್ರತೆ ಎಷ್ಟು ಕಾಲದಲ್ಲಿ ಎಷ್ಟರಮಟ್ಟಿಗೆ ಸುಧಾರಿಸಿತು, ಸ್ಕ್ಯಾನನ್ನು ಮತ್ತೆ ಯಾವಾಗ ಮಾಡಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಉಡುಪಿ, ಮಣಿಪಾಲ ಅಥವಾ ಮಂಗಳೂರಿನಲ್ಲಿ ಇಂಥವರನ್ನು ನಿರಂತರವಾಗಿ ನೋಡಿಕೊಳ್ಳುವ ಹಾರ್ಮೋನ್ ತಜ್ಞರು ಗೊತ್ತಿದ್ದರೂ ಹೇಳಿ.