ಬಾಡಿಗೆ ಮನೆಯಲ್ಲಿ ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದೆ, ದೋಷ ಎಲ್ಲಿರಬಹುದು?

ಪ್ರಶ್ನೆ: ಉತ್ತರಹಳ್ಳಿಯ ಬಾಡಿಗೆದಾರ

ಉತ್ತರಹಳ್ಳಿಯ ಸಮೀಪ ಮೂರಂತಸ್ತಿನ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನಾವು ಎರಡು ವರ್ಷಗಳಿಂದ ಬಾಡಿಗೆಗಿದ್ದೇವೆ. ಬಚ್ಚಲುಮನೆಯಲ್ಲಿ ಮಾಲೀಕರೇ ಹಾಕಿಸಿದ 15 ಲೀಟರಿನ ಗೀಸರ್ ಇದೆ. ದೀಪಾವಳಿಯ ಹೊತ್ತಿಗೆ ಬಿಸಿನೀರಿನ ಧಾರೆ ಸಣ್ಣದಾಗತೊಡಗಿತು. ಈಗ 15 ಲೀಟರಿನ ಬಕೆಟ್ಟು ತಣ್ಣೀರಿನಿಂದ ಒಂದೂವರೆ ನಿಮಿಷದಲ್ಲಿ ತುಂಬಿದರೆ, ಬಿಸಿನೀರಿನಿಂದ ತುಂಬಲು ಆರು ನಿಮಿಷ ಹಿಡಿಯುತ್ತದೆ. ಶವರಿನಿಂದ ನೀರು ತೊಟ್ಟಿಕ್ಕುತ್ತದೆಯೇ ಹೊರತು ಸುರಿಯುವುದಿಲ್ಲ. ನೀರು ಕಾಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಕಟ್ಟಡದ ಸಂಪಿನಲ್ಲಿ ಕಾವೇರಿ ನೀರು ಮತ್ತು ಕೊಳವೆಬಾವಿಯ ನೀರು ಎರಡೂ ಬೆರೆಯುತ್ತವೆ.

ನೋಡಲು ಬಂದ ಪ್ಲಂಬರ್ ಒಬ್ಬರು ತಾರಸಿಯ ಮೇಲೆ ಪ್ರೆಷರ್ ಪಂಪ್ ಕೂರಿಸದೆ ಬೇರೆ ದಾರಿಯಿಲ್ಲ ಎಂದು ಹೇಳಿ ಹೋದರು. ಮಾಲೀಕರು ‘ನೀವು ಬಂದಾಗ ಎಲ್ಲವೂ ಸರಿಯಾಗಿತ್ತಲ್ಲ’ ಎನ್ನುತ್ತಿದ್ದಾರೆ. ಅಷ್ಟು ದೊಡ್ಡ ಖರ್ಚಿಗೆ ಒಪ್ಪುವ ಮೊದಲು ದೋಷ ಎಲ್ಲಿದೆಯೆಂದು ನಾವೇ ಪತ್ತೆ ಮಾಡಬಹುದೇ? ಖರ್ಚು ಯಾರಿಗೆ ಸೇರಿದ್ದು?

ಉತ್ತರ 1: ಜಯನಗರದ ನಿವೃತ್ತ ಎಂಜಿನಿಯರ್

ಪಂಪಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ತೊಟ್ಟಿಯ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಮೊದಲ ಮಹಡಿಯಲ್ಲಿರುವ ನಿಮಗೆ ಆರೇಳು ಮೀಟರಿನ ಎತ್ತರವಾದರೂ ದಕ್ಕುತ್ತಿರಬೇಕು. ತಣ್ಣೀರು ನಿಮಿಷಕ್ಕೆ 10 ಲೀಟರ್ ಬರುತ್ತಿರುವುದೇ ಅದಕ್ಕೆ ಸಾಕ್ಷಿ. ಒಂದೇ ತೊಟ್ಟಿಯಿಂದ ಇಳಿದು ಬರುವ ಎರಡು ಧಾರೆಗಳಲ್ಲಿ ಒಂದು ಮಾತ್ರ ಸೊರಗಿದೆಯೆಂದರೆ, ಅಡ್ಡಿಯಿರುವುದು ಗೀಸರಿಗೆ ತಣ್ಣೀರು ಬಿಡುವ ಆಂಗಲ್ ಕಾಕಿನಿಂದ (ಗೋಡೆಯಲ್ಲಿರುವ ಸಣ್ಣ ತಿರುಪು ನಲ್ಲಿ), ಬಿಸಿನೀರು-ತಣ್ಣೀರನ್ನು ಬೆರೆಸಿ ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರಿನವರೆಗಿನ ಕೆಲವೇ ಅಡಿಗಳಲ್ಲಿ.

ಗೀಸರಿನಲ್ಲಿ ನೀರನ್ನು ಹೊರಗೆ ತಳ್ಳುವ ಯಂತ್ರವೇನೂ ಇಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ತಳದಿಂದ ತಣ್ಣೀರು ಒಳಗೆ ಬಂದಷ್ಟೇ ಮೇಲ್ಭಾಗದ ಬಿಸಿನೀರು ಹೊರಗೆ ಹೋಗುತ್ತದೆ. ಆದ್ದರಿಂದ ಬಿಸಿನೀರು ಸಣ್ಣಗೆ ಬರುವುದಕ್ಕೆ ತಣ್ಣೀರು ಒಳಬರುವ ಕಡೆಯ ಅಡ್ಡಿಯೂ ಅಷ್ಟೇ ಸಮನಾದ ಕಾರಣವಾಗಿರಬಹುದು. ಬಿಸಿನೀರಿನ ಕೊಳವೆಯನ್ನು ಮಾತ್ರ ತಿಕ್ಕಿ ತೊಳೆದು ಕೈಚೆಲ್ಲುವವರು ಎಡವುವುದು ಇಲ್ಲೇ.

ಅಡ್ಡಿಯ ಮೂಲ ಹೆಚ್ಚಾಗಿ ಸುಣ್ಣ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿ ತಗುಲಿದೊಡನೆ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಟ್ಟು ಕಲ್ಲಿನಂತೆ ಅಂಟಿಕೊಳ್ಳುತ್ತದೆ. ತಣ್ಣೀರಿನ ನಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದು ಬಿಸಿನೀರಿನ ದಾರಿ ಮಾತ್ರ ಕಟ್ಟಿಕೊಳ್ಳುವುದು ಇದೇ ಕಾರಣದಿಂದ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಊರಿನ ಕೊಳವೆಬಾವಿಯ ನೀರು ಎಷ್ಟು ಗಡಸೆಂಬುದನ್ನು ಸ್ಟೀಲ್ ಪಾತ್ರೆಯ ಮೇಲೆ ಉಳಿಯುವ ಬಿಳಿ ಕಲೆಯೇ ಹೇಳುತ್ತದೆ.

ಈಗ ಪರೀಕ್ಷೆಗೆ ಬನ್ನಿ. ಅದೇ ಗೀಸರಿನಿಂದ ವಾಷ್ ಬೇಸಿನ್ನಿಗೂ ಬಿಸಿನೀರು ಹೋಗುತ್ತಿದ್ದರೆ ಮೊದಲು ಅಲ್ಲಿ ನೋಡಿ. ಅಲ್ಲಿ ಜೋರಾಗಿ ಬಂದರೆ ಗೀಸರಿನದು ತಪ್ಪಿಲ್ಲ, ಡೈವರ್ಟರಿನ ಕಾರ್ಟ್ರಿಜ್ (ಹಿಡಿಯ ಹಿಂದೆ ನೀರನ್ನು ತೆರೆದು ಮುಚ್ಚುವ ಒಳಭಾಗ) ಕಟ್ಟಿಕೊಂಡಿದೆ ಎಂದರ್ಥ. ಅಲ್ಲಿಯೂ ಸಣ್ಣಗಿದ್ದರೆ ಗೀಸರಿನ ಸ್ವಿಚ್ಚನ್ನಷ್ಟೇ ಅಲ್ಲ, ಮೀಟರ್ ಬೋರ್ಡಿನ ಎಂಸಿಬಿಯನ್ನೂ (ಕರೆಂಟು ಕಡಿಯುವ ಸ್ವಿಚ್) ಆರಿಸಿ, ನಲ್ಲಿಯಲ್ಲಿ ತಣ್ಣೀರೇ ಬರುವವರೆಗೆ ಹರಿಯಬಿಟ್ಟು, ಆಂಗಲ್ ಕಾಕ್ ಮುಚ್ಚಿರಿ. ಕೆಂಪು ಗುರುತಿನ ಕಡೆಯ ಕನೆಕ್ಷನ್ ಪೈಪನ್ನು ಗೋಡೆಯ ತುದಿಯಲ್ಲಿ ಬಿಚ್ಚಿ ಬಕೆಟ್ಟಿಗೆ ಇಳಿಬಿಟ್ಟು, ಕಾಕ್ ತೆರೆದು, ಗಡಿಯಾರ ನೋಡಿ. ಬಕೆಟ್ಟು ಎರಡು ನಿಮಿಷದೊಳಗೆ ತುಂಬಿದರೆ ದೋಷ ಗೋಡೆಯೊಳಗಿನ ಪೈಪಿನಲ್ಲೋ ಡೈವರ್ಟರಿನಲ್ಲೋ ಇದೆ. ತುಂಬದಿದ್ದರೆ ಪುನಃ ಕಾಕ್ ಮುಚ್ಚಿ, ನೀಲಿ ಗುರುತಿನ ಕಡೆಯ ಪೈಪನ್ನು ಗೀಸರಿನ ತುದಿಯಲ್ಲಿ ಬಿಚ್ಚಿ ಇದನ್ನೇ ಮಾಡಿ. ಅಲ್ಲಿ ನೀರು ಧಾರಾಳವಾಗಿ ಬಂದರೆ ಕಾಕ್ ಮತ್ತು ಆ ಪೈಪು ಸರಿಯಿವೆ. ಅನುಮಾನ ಗೀಸರಿನ ಬಾಯಿಗೆ ಹಾಕಿರುವ ಸೇಫ್ಟಿ ವಾಲ್ವಿನ ಮೇಲೂ ಕೆಂಪು ಕಡೆಯ ಪೈಪಿನ ಮೇಲೂ ಉಳಿಯುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ತುಂಬುಧಾರೆ ಬಂದದ್ದನ್ನು ಕಣ್ಣಾರೆ ಕಂಡೇ ಸ್ವಿಚ್ ಹಾಕಿರಿ. ಖಾಲಿ ಗೀಸರಿಗೆ ಕರೆಂಟು ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ.

ಉತ್ತರ 2: ಗೀಸರ್ ದುರಸ್ತಿಯಲ್ಲಿ ಅನುಭವವಿರುವವರು

ಮೇಲಿನ ಮಾತಿಗೆ ಒಂದೆರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಸೇಫ್ಟಿ ವಾಲ್ವಿನೊಳಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಸ್ಪ್ರಿಂಗಿನ ಬಾಗಿಲೊಂದಿರುತ್ತದೆ. ಅದಕ್ಕೆ ಸುಣ್ಣ ಕಟ್ಟಿದರೆ ಬಾಗಿಲು ಅರ್ಧಕ್ಕೇ ನಿಂತುಬಿಡುತ್ತದೆ, ಮತ್ತು ತೊಟ್ಟಿಯ ಒತ್ತಡ ಅದನ್ನು ಪೂರ್ತಿ ತೆರೆಯುವಷ್ಟು ಇರುವುದಿಲ್ಲ. ಇಂಥ ವಾಲ್ವನ್ನು ತೆಗೆದು ಎಸೆದು ಪೈಪನ್ನು ನೇರವಾಗಿ ಜೋಡಿಸಿ, ಧಾರೆ ಜೋರಾಯಿತು ಎಂದು ತೋರಿಸಿ ಹಣ ಪಡೆಯುವವರಿದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ನೀರು ಕಾದೊಡನೆ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟ ದಿನ ಒಳಗಿನ ಒತ್ತಡ ಹೊರಹೋಗಲು ಇರುವ ಮುಖ್ಯ ದಾರಿ ಅದೇ. ನೀರು ಕಾಯುವಾಗ ಅದರಿಂದ ಒಂದೆರಡು ಹನಿ ಬೀಳುವುದು ಸಹಜ. ಆ ರಂಧ್ರವನ್ನೂ ಮುಚ್ಚಬಾರದು. ವಾಲ್ವನ್ನು ಬಿಚ್ಚಿದೊಡನೆ ಒಳಗಿನ 15 ಲೀಟರೂ ಇಳಿದು ಬರುತ್ತದೆಂಬುದನ್ನು ಮರೆತು ಬಟ್ಟೆ ನೆನೆಸಿಕೊಂಡವರಲ್ಲಿ ನಾನೂ ಒಬ್ಬ.

ಕನೆಕ್ಷನ್ ಪೈಪು ಹೊರಗೆ ಹೊಳೆಯುವ ಸ್ಟೀಲ್ ಹೆಣಿಗೆಯಾದರೂ ಒಳಗಿರುವುದು ರಬ್ಬರು. ಅಗ್ಗದ ಪೈಪಿನ ರಬ್ಬರು ಬಿಸಿಗೆ ಊದಿಕೊಂಡು ದಾರಿಯನ್ನೇ ಮುಚ್ಚುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಶವರಿನ ತಟ್ಟೆಯನ್ನು ಉಗುರುಬೆಚ್ಚಗಿನ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಒಂದು ಗಂಟೆ ನೆನೆಸಿದರೆ ಸಾಕು. ಬಚ್ಚಲು ತೊಳೆಯುವ ಆಸಿಡ್ಡನ್ನು ಮಾತ್ರ ಹತ್ತಿರ ತರಬೇಡಿ, ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ.

ಉತ್ತರ 3: ಮಲ್ಲೇಶ್ವರದ ಓದುಗರು

ಖರ್ಚಿನ ವಿಷಯಕ್ಕೆ ಬಂದರೆ, ಮೊದಲು ನಿಮ್ಮ 11 ತಿಂಗಳ ಕರಾರನ್ನು ತೆಗೆದು ಓದಿ. ಫಿಟ್ಟಿಂಗುಗಳ ದುರಸ್ತಿ ಯಾರದೆಂದು ಅದರಲ್ಲಿ ಬರೆದಿದ್ದರೆ ಅದೇ ನಡೆಯುತ್ತದೆ. ಬರೆದಿಲ್ಲದಿದ್ದರೆ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯನ್ನು ಮಾತುಕತೆಗೆ ಆಧಾರವಾಗಿ ಇಟ್ಟುಕೊಳ್ಳಬಹುದು. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೇ, ತಾನಾಗಿ ಜಾರಿಗೆ ಬರುವ ಕಾನೂನಲ್ಲ. ಪೈಪುಗಳನ್ನು ಬದಲಿಸುವುದನ್ನು ಅದು ಮಾಲೀಕರ ಪಾಲಿಗೆ ಹಾಕುತ್ತದೆ. ನಲ್ಲಿಯ ವಾಷರ್ ಮತ್ತು ಗೀಸರಿನ ದುರಸ್ತಿಯನ್ನು ಬಾಡಿಗೆದಾರರ ಪಾಲಿಗೆ ಹಾಕುತ್ತದೆ. ಎಂದರೆ ಪಟ್ಟಿ ಪೂರ್ತಿ ನಿಮ್ಮ ಕಡೆಗಿಲ್ಲ, ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ. ಬಕೆಟ್ ತುಂಬುವುದನ್ನು ಮೊಬೈಲಿನಲ್ಲಿ ಚಿತ್ರಿಸಿ, ಬಿಚ್ಚಿದ ಭಾಗಗಳ ಫೋಟೊ ಸಹಿತ ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿ, ಒಪ್ಪಿಗೆಯನ್ನು ಅಲ್ಲಿಯೇ ಬರಹದಲ್ಲಿ ಪಡೆಯಿರಿ. ಮನೆ ಬಿಡುವಾಗ ಪೇಂಟಿಂಗಿನ ಜೊತೆ ಗೀಸರಿನ ಹೆಸರಿನಲ್ಲೂ ಅಡ್ವಾನ್ಸಿಗೆ ಕತ್ತರಿ ಬೀಳದಂತೆ ಅದು ಕಾಯುತ್ತದೆ.

ಪ್ರಶ್ನೆ ಕೇಳಿದವರಿಂದ

ಭಾನುವಾರ ಪರೀಕ್ಷೆ ಮಾಡಿದೆವು. ಬೇಸಿನ್ನಿನಲ್ಲಿಯೂ ಬಿಸಿನೀರು ಸಣ್ಣಗೇ ಇತ್ತು. ಕೆಂಪು ಕಡೆಯ ಪೈಪಿನಿಂದ ಬಕೆಟ್ ತುಂಬಲು ಐದೂವರೆ ನಿಮಿಷವಾಯಿತು. ನೀಲಿ ಕಡೆಯ ಪೈಪಿನಿಂದ ಒಂದೂಕಾಲು ನಿಮಿಷ. ಅಲ್ಲಿಗೆ ನಿಂತು, ಬೇರೊಬ್ಬ ಪ್ಲಂಬರನ್ನು ಕರೆಸಿ ವಾಲ್ವ್ ಬಿಚ್ಚಿಸಿದೆವು. ಅದರ ಬಾಗಿಲು ಸುಣ್ಣದ ಹರಳುಗಳ ನಡುವೆ ಅಲುಗಾಡದಂತೆ ಸಿಕ್ಕಿಕೊಂಡಿತ್ತು. ಕೆಂಪು ಕಡೆಯ ಪೈಪನ್ನು ಕೊಯ್ದು ನೋಡಿದರೆ ಒಳಗಿನ ರಬ್ಬರು ಊದಿಕೊಂಡು ಪೆನ್ಸಿಲ್ ತೂರುವಷ್ಟು ಮಾತ್ರ ದಾರಿ ಉಳಿದಿತ್ತು. ಎರಡನ್ನೂ ಹೊಸದಾಗಿ ಹಾಕಿಸಿದ ಮೇಲೆ ಬಿಸಿನೀರಿನ ಬಕೆಟ್ ಎರಡು ನಿಮಿಷದೊಳಗೆ ತುಂಬುತ್ತಿದೆ. ಫೋಟೊ ನೋಡಿದ ಮಾಲೀಕರು ವಾಲ್ವಿನ ಬೆಲೆಯನ್ನು ಮುಂದಿನ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಹೇಳಿದ್ದಾರೆ. ಪೈಪು ಮತ್ತು ಕೂಲಿ ನಮ್ಮದು.