‘ಐ ವುಡ್ ಸೆಂಡ್ ಟುಮಾರೋ’ ಅಂತ ಬರೆದೆ, ‘ಬಟ್...?’ ಅಂತ ಉತ್ತರ ಬಂತು. ನನ್ನ ತಪ್ಪೇನು?

ಬೇಸಿಗೆಮಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಲೆಕ್ಕ ನನಗೆ ಕಷ್ಟ ಅಲ್ಲ. ಆ ಲೆಕ್ಕದ ಬಗ್ಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯೋದೇ ಕಷ್ಟ. ಕಳೆದ ವಾರ ಮೂರು ಸಲ ಎಡವಿದೆ.

ಮೊದಲನೆಯದು. ಹೊರದೇಶದ ಒಬ್ಬ ಗ್ರಾಹಕರಿಗೆ ‘ಐ ವುಡ್ ಸೆಂಡ್ ದ ರಿಪೋರ್ಟ್ ಟುಮಾರೋ’ ಎಂದು ಬರೆದೆ. ವಿಲ್ ಅಂದರೆ ಸ್ವಲ್ಪ ಒರಟು, ವುಡ್ ಅಂದರೆ ಮರ್ಯಾದೆ ಅಂತ ನನ್ನ ಲೆಕ್ಕ. ಅವರಿಂದ ಒಂದೇ ಸಾಲು ಬಂತು: ‘ಯು ವುಡ್, ಬಟ್...?’ ಕೊನೆಗೆ ಮೂರು ಚುಕ್ಕಿ. ಆ ಚುಕ್ಕಿಗಳನ್ನು ನೋಡುತ್ತಾ ಹತ್ತು ನಿಮಿಷ ಕೂತಿದ್ದೆ. ಮ್ಯಾನೇಜರಿಗೆ ತೋರಿಸಿದರೆ ನಕ್ಕರೇ ಹೊರತು ಏನು ತಪ್ಪು ಅಂತ ಹೇಳಲಿಲ್ಲ.

ಎರಡನೆಯದು. ‘ವೆನ್ ಐ ವಿಲ್ ಗೆಟ್ ದ ಫೈಲ್, ಐ ವಿಲ್ ಟೆಲ್ ಯು’ ಎಂದು ಬರೆದರೆ ಕಂಪ್ಯೂಟರ್ ಮೊದಲ ವಿಲ್ ಕೆಳಗೆ ಗೆರೆ ಎಳೆಯುತ್ತದೆ. ಫೈಲ್ ಸಿಗೋದೂ ನಾಳೆ, ಹೇಳೋದೂ ನಾಳೆ ಅಲ್ವಾ?

ಮೂರನೆಯದು ಜಾಸ್ತಿ ಮುಜುಗರದ್ದು. ಒಂದು ಫಾರಂನ ಎರಡನೇ ಪುಟಕ್ಕೆ ಸಹಿ ಬೇಕಾಗಿಲ್ಲ ಎಂದು ಹೇಳಬೇಕಿತ್ತು. ‘ಯು ಮಸ್ಟ್ ನಾಟ್ ಸೈನ್ ಪೇಜ್ ಟು’ ಎಂದು ಬರೆದೆ. ಆ ಕಡೆಯವರು ಆಗಲೇ ಸಹಿ ಮಾಡಿಬಿಟ್ಟಿದ್ದರಂತೆ. ಗಾಬರಿಯಾಗಿ ಇಡೀ ಫಾರಂ ಮತ್ತೆ ಪ್ರಿಂಟ್ ತೆಗೆದು, ಕ್ಷಮೆ ಕೇಳಿ ಕಳಿಸಿದರು. ಕ್ಷಮೆ ಕೇಳಬೇಕಾದವಳು ನಾನು.

ಪುಸ್ತಕದಲ್ಲಿರೋ ಪಟ್ಟಿ ನನಗೆ ಬಾಯಿಪಾಠ ಬರುತ್ತೆ. ಅದು ಕೆಲಸಕ್ಕೆ ಬರ್ತಿಲ್ಲ. ದಯವಿಟ್ಟು ಯಾರಾದರೂ ಕನ್ನಡದಲ್ಲೇ ಬಿಡಿಸಿ ಹೇಳಿ.

ಹಳೇಪಾಠ:

ನಮ್ಮ ಕಾಲದ ನಿಯಮ ಸರಳವಾಗಿತ್ತಮ್ಮ. ಐ, ವಿ ಬಂದರೆ ಶಲ್. ಉಳಿದವರಿಗೆಲ್ಲ ವಿಲ್. ಹಟ, ಆಣೆ, ಆಜ್ಞೆ ಇದ್ದರೆ ಅದಲುಬದಲು. ಆ ಪ್ರಕಾರ ‘ಐ ಶಲ್ ಸೆಂಡ್’ ಸರಿ. ವುಡ್ ಖಂಡಿತ ತಪ್ಪು, ಆದರೆ ಯಾಕೆ ಅಂತ ನನಗೂ ಹೇಳಿಕೊಟ್ಟವರಿಲ್ಲ.

ಅಲ್ಪವಿರಾಮ:

ನಾನು ಅನುವಾದ ಮಾಡಿ, ಕರಡು ತಿದ್ದಿ ಬದುಕುವವನು. ಈ ಮೂರು ತಪ್ಪನ್ನೂ ನಾನೇ ಮಾಡಿದ್ದೇನೆ, ಅದೂ ಅಚ್ಚಾಗುವ ಪುಟಗಳಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹಳೇಪಾಠ ಸರ್ ಅವರ ಶಲ್. ಈ ಹಂಚಿಕೆಯನ್ನು 1653ರಲ್ಲಿ ಜಾನ್ ವಾಲಿಸ್ ತಮ್ಮ ಇಂಗ್ಲಿಷ್ ವ್ಯಾಕರಣದಲ್ಲಿ ಬರೆದಿಟ್ಟರು. ಪುಸ್ತಕ ಇಂಗ್ಲಿಷಿನ ಬಗ್ಗೆ, ಬರೆದದ್ದು ಲ್ಯಾಟಿನ್‌ನಲ್ಲಿ! ಅವರು ಗಣಿತದವರು. ಅನಂತಕ್ಕೆ ಎಂಟನ್ನು ಅಡ್ಡ ಮಲಗಿಸಿದ ಹಾಗಿರೋ ಚಿಹ್ನೆ ತಂದವರೂ ಅವರೇ. ಚಿಹ್ನೆ ನಿಂತಿತು, ಶಲ್ ನಿಯಮ ಸವೆಯಿತು. ಈಗ ದಿನದ ಮಾತಿನಲ್ಲಿ ಶಲ್ ಹೆಚ್ಚಾಗಿ ಪ್ರಶ್ನೆಯಲ್ಲಿ ಕಾಣುತ್ತದೆ. ‘ಶಲ್ ಐ ಓಪನ್ ದ ವಿಂಡೋ?’ ಅಂದರೆ ‘ಕಿಟಕಿ ತೆಗೀಲಾ?’ ‘ಶಲ್ ವಿ ಗೋ?’ ಅಂದರೆ ‘ಹೋಗೋಣ್ವಾ?’ ಅಲ್ಲಿ ವಿಲ್ ಹಾಕಿದರೆ ಕೆಟ್ಟುಹೋಗುತ್ತದೆ. ‘ನಾನು ಕಿಟಕಿ ತೆಗೀತೀನಾ?’ ಅಂತ ಭವಿಷ್ಯ ಕೇಳಿದ ಹಾಗೆ.

ಈಗ ಮುಖ್ಯ ವಿಷಯ. ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯದ ರೂಪವೇ ಇಲ್ಲ. ಗೋ ಇದೆ, ವೆಂಟ್ ಇದೆ, ಮೂರನೆಯದು ಇಲ್ಲ. ವಿಲ್ ಅನ್ನೋದು ಮೂಲದಲ್ಲಿ ‘ಬಯಸು’. ಶಲ್ ಅನ್ನೋದು ‘ಸಾಲ ಇರು, ಬಾಧ್ಯತೆ ಇರು’. ಎರಡನ್ನೂ ನಾಳೆಯ ಕೆಲಸಕ್ಕೆ ಎರವಲು ತಂದಿದ್ದಾರೆ, ಅಷ್ಟೆ. ನಾವೂ ಏನು ಕಮ್ಮಿ ಇಲ್ಲ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’, ಎರಡಕ್ಕೂ ಒಂದೇ ರೂಪ. ‘ಬರುವೆನು’ ಅಂತ ಆಫೀಸಿನಲ್ಲಿ ಹೇಳಿ ನೋಡಿ, ನಾಟಕದ ತಾಲೀಮು ಅಂದುಕೊಳ್ಳುತ್ತಾರೆ.

ಆದ್ದರಿಂದ ‘ಇದು ಭವಿಷ್ಯ ಕಾಲವಾ?’ ಅಂತ ಕೇಳಿಕೊಳ್ಳಬೇಡಿ. ‘ತೀರ್ಮಾನ ಯಾವಾಗ ಆಯ್ತು? ಎಷ್ಟು ಖಚಿತ?’ ಅಂತ ಕೇಳಿಕೊಳ್ಳಿ. ಫೋನ್ ರಿಂಗಾಗುತ್ತಿದೆ, ನೀವು ಎದ್ದಿರಿ. ‘ಐ’ಲ್ ಗೆಟ್ ಇಟ್.’ ತೀರ್ಮಾನ ಆಗಿದ್ದು ಈ ಕ್ಷಣ, ಹಾಗಾಗಿ ವಿಲ್. ಅಲ್ಲಿ ‘ಐ’ಮ್ ಗೋಯಿಂಗ್ ಟು ಗೆಟ್ ಇಟ್’ ಅಂದರೆ ಫೋನ್ ಬರುತ್ತೆ ಅಂತ ಬೆಳಿಗ್ಗೆಯಿಂದ ಕಾದು ಕೂತ ಹಾಗೆ. ಮೊದಲೇ ಮನಸ್ಸು ಮಾಡಿದ್ದರೆ, ಇಲ್ಲವೇ ಲಕ್ಷಣ ಕಣ್ಣೆದುರೇ ಇದ್ದರೆ ಗೋಯಿಂಗ್ ಟು. ಮೋಡ ಕಪ್ಪಾಗಿದೆ, ‘ಇಟ್ಸ್ ಗೋಯಿಂಗ್ ಟು ರೇನ್’. ಇನ್ನೊಬ್ಬರ ಜೊತೆ ಮಾತಾಗಿ, ದಿನ ಗೊತ್ತಾಗಿದ್ದರೆ ‘ಐ’ಮ್ ಮೀಟಿಂಗ್ ದ ಆಡಿಟರ್ ಆನ್ ಮಂಡೇ’. ವೇಳಾಪಟ್ಟಿಯ ಮಾತಿಗೆ ಏನೂ ಬೇಡ: ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್’. ಈ ಗೆರೆಗಳು ಗೋಡೆಗಳಲ್ಲ. ಒಂದರ ಜಾಗದಲ್ಲಿ ಇನ್ನೊಂದು ನಡೆದುಹೋಗೋದು ಬೇಕಾದಷ್ಟಿದೆ. ನಿಮ್ಮ ವುಡ್ ಮಾತ್ರ ನಡೆಯೋಲ್ಲ.

ಯಾಕೆ ಗೊತ್ತಾ? ಗ್ರಾಹಕರಿಗೆ ಕೇಳಿಸಿದ್ದು ಹೀಗೆ: ‘ನಾಳೆ ರಿಪೋರ್ಟ್ ಕಳಿಸ್ತಿದ್ದೆ.’ ಓದಿ ನೋಡಿ. ನಿಮ್ಮ ಬಾಯಲ್ಲೇ ‘ಆದ್ರೆ...’ ಅಂತ ಬರುತ್ತೆ ಅಲ್ವಾ? ‘ಹುಷಾರಿದ್ದಿದ್ರೆ ಕಳಿಸ್ತಿದ್ದೆ’, ‘ಫೈಲ್ ಕೊಟ್ಟಿದ್ರೆ ಕಳಿಸ್ತಿದ್ದೆ’. ಆ ಮೂರು ಚುಕ್ಕಿ ಅದೇ. ವುಡ್ ಮರ್ಯಾದೆಯ ಪದ ಅನ್ನೋದು ಸುಳ್ಳಲ್ಲ. ‘ವುಡ್ ಯು ಚೆಕ್ ದಿಸ್?’ ಅಂತ ಕೇಳುವಾಗ ಅದು ಮರ್ಯಾದೆ. ಮಾತು ಕೊಡುವಾಗ ಅದೇ ಪದ ಅನುಮಾನ. ಮೆದುವಾಗಿ ಹೇಳಬೇಕು ಅನಿಸಿದರೆ ‘ಐ’ಲ್ ಬಿ ಸೆಂಡಿಂಗ್ ಇಟ್ ಟುಮಾರೋ’ ಅನ್ನಿ. ನಡೆದುಕೊಂಡು ಹೋಗೋ ಕೆಲಸ ಇದು, ನಾಳೆ ನಿಮಗೆ ತಲುಪುತ್ತೆ ಅನ್ನೋ ಧಾಟಿ ಬರುತ್ತದೆ.

‘ವೆನ್ ಐ ವಿಲ್ ಗೆಟ್’ ವಿಷಯ. ಕನ್ನಡದಲ್ಲಿ ನೀವೇನು ಹೇಳ್ತೀರಿ? ‘ಫೈಲ್ ಸಿಕ್ಕಾಗ ಹೇಳ್ತೀನಿ.’ ‘ಸಿಕ್ಕ’ ಅನ್ನೋದು ಭೂತಕಾಲದ ರೂಪ! ನಾಳೆ ಸಿಗೋದಕ್ಕೆ ನಾವೇ ಹಿಂದಿನ ರೂಪ ಬಳಸ್ತೀವಿ, ಯಾರಿಗೂ ಗೊಂದಲ ಆಗೋದಿಲ್ಲ. ಇಂಗ್ಲಿಷಿನವರು ಅಲ್ಲಿ ವರ್ತಮಾನ ಬಳಸುತ್ತಾರೆ: ‘ವೆನ್ ಐ ಗೆಟ್ ದ ಫೈಲ್’. ಇಫ್, ಆಫ್ಟರ್, ಅಂಟಿಲ್‌ಗೂ ಇದೇ ಕಥೆ. ಆದರೆ ‘ಅವರು ಯಾವಾಗ ಬರ್ತಾರೋ ಗೊತ್ತಿಲ್ಲ’ ಅನ್ನುವಾಗ ‘ಐ ಡೋಂಟ್ ನೋ ವೆನ್ ದೇ ವಿಲ್ ಕಮ್’ ಸರಿ. ನಾನು ಕರಡು ತಿದ್ದುವಾಗ ಮಾಡೋ ಪರೀಕ್ಷೆ ಇದು: ವೆನ್ ತೆಗೆದು ಕನ್ನಡ ಇಡುತ್ತೇನೆ. ‘ಸಿಕ್ಕಾಗ’ ಅಂತ ಬಂದರೆ ವಿಲ್ ಹೊಡೆದುಹಾಕುತ್ತೇನೆ. ‘ಯಾವಾಗ’ ಅಂತ ಬಂದರೆ ಬಿಡುತ್ತೇನೆ.

ಮಸ್ಟ್ ಬಗ್ಗೆ ಬೇರೆಯವರು ಹೇಳಲಿ. ಕೈ ನೋಯುತ್ತಿದೆ.

ದೋಷಪತ್ತೆ:

ಮಸ್ಟ್ ನನ್ನ ಪಾಲು. ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು, ಈ ಪದಗಳ ಮೇಲೆ ನಮ್ಮಲ್ಲಿ ಜಗಳಗಳೇ ಆಗುತ್ತವೆ. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವವರು ಇದಕ್ಕೇ ಅಂತ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಚಿಕ್ಕ ದಾಖಲೆ ತಂದರು. ಮಸ್ಟ್ ಅಂದರೆ ಮಾಡಲೇಬೇಕು. ಮಸ್ಟ್ ನಾಟ್ ಅಂದರೆ ಮಾಡಲೇಕೂಡದು. ಶುಡ್ ಅಂದರೆ ಮಾಡಬೇಕು, ಬಿಡೋದಕ್ಕೆ ಗಟ್ಟಿ ಕಾರಣ ಇದ್ದರೆ, ಪರಿಣಾಮ ತಿಳಿದುಕೊಂಡು ಬಿಡಬಹುದು. ಮೇ ಅಂದರೆ ನಿಮ್ಮಿಷ್ಟ. ಅದರಲ್ಲಿ ಶಲ್‌ಗೂ ಮಸ್ಟ್‌ಗೂ ಒಂದೇ ಅರ್ಥ. ಹಳೇಪಾಠ ಅವರೇ, ನಿಮ್ಮ ಶಲ್ ಇಲ್ಲಿ ಇನ್ನೂ ಜೀವಂತ!

ಬೇಸಿಗೆಮಳೆ ಅವರೇ, ‘ಬೇಕು’ವಿಗೆ ಕನ್ನಡದಲ್ಲಿ ಎರಡು ‘ಇಲ್ಲ’ಗಳಿವೆ. ‘ಮಾಡಬಾರದು’, ‘ಮಾಡಬೇಕಾಗಿಲ್ಲ’. ಮಸ್ಟ್ ನಾಟ್ ಮೊದಲನೆಯದು. ಎರಡನೆಯದಕ್ಕೆ ‘ಡೋಂಟ್ ಹ್ಯಾವ್ ಟು’ ಅಥವಾ ‘ನೀಡ್ ನಾಟ್’. ನಿಮ್ಮ ಪಾಪದ ಗ್ರಾಹಕರು ಓದಿದ್ದು ‘ಎರಡನೇ ಪುಟಕ್ಕೆ ಸಹಿ ಹಾಕಕೂಡದು’ ಅಂತ.

ಇನ್ನೊಂದು. ‘ಮೇ ನಾಟ್’ ಹುಷಾರಾಗಿ ಬಳಸಿ. ‘ಯು ಮೇ ನಾಟ್ ಎಂಟರ್’ ಅಂದರೆ ಒಳಗೆ ಬರುವ ಹಾಗಿಲ್ಲ. ‘ಹಿ ಮೇ ನಾಟ್ ಕಮ್’ ಅಂದರೆ ಬರದೇ ಇರಬಹುದು. ಅನುಮಾನ ಹೇಳೋಕೆ ಮೈಟ್ ನಾಟ್ ಬಳಸಿದರೆ ಗಲಾಟೆಯೇ ಇಲ್ಲ.

ಬೇಸಿಗೆಮಳೆ:

‘ಕಳಿಸ್ತಿದ್ದೆ’ ಓದಿ ಒಬ್ಬಳೇ ನಕ್ಕೆ. ಮ್ಯಾನೇಜರ್ ಯಾಕೆ ನಕ್ಕರು ಅಂತ ಈಗ ಗೊತ್ತಾಯ್ತು. ಇನ್ನೊಂದೇ ಅನುಮಾನ. ‘ಶಿ ಮಸ್ಟ್ ಬಿ ಇನ್ ದ ಆಫೀಸ್’ ಅಂತ ಒಬ್ಬರು ಬರೆದಿದ್ದರು. ಇರಲೇಬೇಕು ಅನ್ನೋ ಆಜ್ಞೆಯಾ, ಇದ್ದಾಳೆ ಅನ್ನೋ ಊಹೆಯಾ?

ಅಲ್ಪವಿರಾಮ:

ಎರಡೂ ಆಗಬಹುದು, ಸಂದರ್ಭ ನೋಡಬೇಕು. ‘ಆಫೀಸಿನಲ್ಲಿ ಇರಬೇಕು’ ಅನ್ನೋ ನಮ್ಮ ಮಾತಿಗೂ ಎರಡೂ ಅರ್ಥ ಇದೆ, ಗಮನಿಸಿದ್ರಾ? ಭೂತಕ್ಕೆ ಹೋದರೆ ಎರಡೂ ಬೇರೆಯಾಗುತ್ತವೆ. ‘ಬಂದಿರಬೇಕು’ ಅಂದರೆ ‘ಮಸ್ಟ್ ಹ್ಯಾವ್ ಕಮ್’. ‘ಬರಬೇಕಿತ್ತು’ ಅಂದರೆ ‘ಶುಡ್ ಹ್ಯಾವ್ ಕಮ್’, ಬರಲಿಲ್ಲ ಅನ್ನೋ ಬೇಜಾರು ಅದರಲ್ಲೇ ಇದೆ. ‘ಹೇಳಬಹುದಿತ್ತು’ ಅಂದರೆ ‘ಕುಡ್ ಹ್ಯಾವ್ ಟೋಲ್ಡ್ ಮಿ’. ಅದೇ ಆಕ್ಷೇಪಣೆ, ಅದೇ ಮುಖ ಊದಿಸೋದು. ಊಹೆಯ ‘ಇಲ್ಲ’ಕ್ಕೆ ಮಾತ್ರ ಮಸ್ಟ್ ನಾಟ್ ಬೇಡ. ‘ಅವಳಾಗಿರೋಕೆ ಸಾಧ್ಯವೇ ಇಲ್ಲ’ ಅನ್ನೋದಕ್ಕೆ ‘ಇಟ್ ಕಾಂಟ್ ಬಿ ಹರ್’.

ಇನ್ನು ಮೈಟ್‌ಗೆ ನಮ್ಮಲ್ಲಿ ಒಂದು ಮುದ್ದಾದ ರೂಪ ಇದೆ, ಈಗ ಬಳಕೆ ಕಮ್ಮಿ. ‘ಬಂದಾನು’, ‘ಮಳೆ ಬಂದೀತು’, ‘ಬಿದ್ದೀಯ, ಜೋಕೆ’. ವ್ಯಾಕರಣದಲ್ಲಿ ಸಂಭಾವನಾರ್ಥಕ ಅನ್ನುತ್ತಾರೆ. ‘ಹಿ ಮೈಟ್ ಕಮ್’ ಅಂತ ಮೂರು ಪದ ಬೇಕಾಗೋದನ್ನು ‘ಬಂದಾನು’ ಒಂದೇ ಪದದಲ್ಲಿ ಮುಗಿಸುತ್ತದೆ.

ಹಳೇಪಾಠ:

ನಲವತ್ತು ವರ್ಷ ಶಲ್ ಹಿಡಿದುಕೊಂಡು ಕೂತಿದ್ದೆ. ಸರಿ, ಬಿಟ್ಟೆ. ನನ್ನ ಕಡೆಯಿಂದಲೂ ಒಂದು ಇಟ್ಟುಕೊಳ್ಳಿ: ‘ವಿಲ್ ಕ್ಯಾನ್’ ಅಂತ ಬರೆಯಬೇಡಿ. ಇಂಥ ಎರಡು ಪದ ಒಟ್ಟಿಗೆ ಕೂರೋದಿಲ್ಲ, ‘ವಿಲ್ ಬಿ ಏಬಲ್ ಟು’ ಆಗಬೇಕು. ಹಾಗೇ ನಿನ್ನೆ ಒಂದು ಸಲ ಒದ್ದಾಡಿ ಮಾಡಿ ಮುಗಿಸಿದ್ದಕ್ಕೆ ಕುಡ್ ಬೇಡ. ‘ಐ ವಾಸ್ ಏಬಲ್ ಟು ಫಿನಿಶ್ ಇಟ್’. ಆಗಲಿಲ್ಲ ಅನ್ನೋದಕ್ಕೆ ಕುಡಂಟ್ ಧಾರಾಳವಾಗಿ ನಡೆಯುತ್ತೆ.

ಬೇಸಿಗೆಮಳೆ:

ಇವತ್ತು ಕಳಿಸಿದ ಮೇಲ್ ಇದು: ‘ವೆನ್ ಐ ಗೆಟ್ ದ ಲಾಸ್ಟ್ ಫೈಲ್, ಐ’ಲ್ ಲೆಟ್ ಯು ನೋ. ಐ’ಲ್ ಹ್ಯಾವ್ ಫಿನಿಶ್ಡ್ ದ ರಿಪೋರ್ಟ್ ಬೈ ಫ್ರೈಡೇ. ಯು ಡೋಂಟ್ ಹ್ಯಾವ್ ಟು ಸೈನ್ ಪೇಜ್ ಟು.’ ನಡುವಿನ ಸಾಲು ‘ಮುಗಿಸಿರ್ತೀನಿ’ ಅಂತ ಮನಸ್ಸಿನಲ್ಲಿ ಹೇಳಿಕೊಂಡು ಬರೆದದ್ದು. ಉತ್ತರ ಬಂತು, ‘ಪರ್ಫೆಕ್ಟ್’ ಅಂತ. ಈ ಸಲ ಚುಕ್ಕಿ ಒಂದೇ.

ಅಲ್ಪವಿರಾಮ:

ಭೇಷ್! ಅಂದಹಾಗೆ, ಶುಕ್ರವಾರದೊಳಗೆ ನಿಜವಾಗಲೂ ಮುಗಿಸ್ತೀರಾ?

ಬೇಸಿಗೆಮಳೆ:

ಮುಗಿಸಿಯೇನು.