ಫ್ಲ್ಯಾಟ್ ನೋಡಿದ್ದು ಸಾಕಾಯ್ತು, ಆದರೂ ಟೋಕನ್ ಕೊಡಲು ಧೈರ್ಯ ಬರುತ್ತಿಲ್ಲ

ಪ್ರಶ್ನೆ (ಡೊಂಬಿವಲಿಯಿಂದ):
ಮೇಡಂ ನಮಸ್ಕಾರ. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುತ್ತೇವೆ, ಇರೋದು ಬಾಡಿಗೆ ಮನೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗಲೆಲ್ಲ ಈ ಸಲ ಸ್ವಂತದ್ದೇ ತಗೊಳ್ಳೋಣ ಅಂತೇವೆ. ಠಾಕುರ್ಲಿ, ಕಲ್ಯಾಣ, ಬದ್ಲಾಪುರದ ತನಕ ನೋಡಿ ಆಯ್ತು. ಎಲ್ಲ ಸರಿ ಇರುತ್ತದೆ, ಟೋಕನ್ (ಮುಂಗಡ ಹಣ) ಕೊಡುವ ಹಿಂದಿನ ರಾತ್ರಿ ನಿದ್ದೆ ಬರಲ್ಲ, ಬೆಳಿಗ್ಗೆ ಏಜೆಂಟಿಗೆ ಏನೋ ಒಂದು ನೆಪ ಹೇಳಿಬಿಡುತ್ತೇನೆ. ಆಫೀಸಲ್ಲಿ ಲಕ್ಷಗಟ್ಟಲೆ ಆರ್ಡರ್ ಓಕೆ ಮಾಡುವವನು ನಾನು. ಇಲ್ಲಿ ಮಾತ್ರ ಯಾಕೆ ಹೀಗೆ?

ಉತ್ತರ (ಆಪ್ತ ಸಮಾಲೋಚಕಿ, ಪುಣೆ):
ಆಫೀಸಿನ ದುಡ್ಡು ನಿಮ್ಮದಲ್ಲ ಅಲ್ವಾ ಸರ್, ಅದಕ್ಕೇ. ತಮಾಷೆಗೆ ಹೇಳಿದ್ದಲ್ಲ. ಲಾಭದ ಖುಷಿಗಿಂತ ಅಷ್ಟೇ ಮೊತ್ತದ ನಷ್ಟದ ನೋವು ನಮಗೆ ಜಾಸ್ತಿ ಅಂತ ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ ಅನ್ನುವ ಮನಃಶಾಸ್ತ್ರಜ್ಞರು 1979ರಲ್ಲೇ ತೋರಿಸಿದರು. ಆ ರಾತ್ರಿ ನಿಮಗೆ ನಷ್ಟ ಮಾತ್ರ ಕಾಣುತ್ತದೆ. ಟೋಕನ್ ಕೊಡದಿದ್ದರೆ ಏನೂ ಹೋಗಲಿಲ್ಲ ಅಂತಲೂ ಅನಿಸುತ್ತದೆ. ಆದರೆ ಬಾಡಿಗೆ, ಬ್ರೋಕರೇಜು, ಸಾಮಾನು ಸಾಗಿಸೋದು, ಮನೆಯವರ ಸಿಟ್ಟು ಎಲ್ಲವೂ ಖರ್ಚೇ. ಒಂದೇ ಬಿಲ್ಲಿನಲ್ಲಿ ಬರೋದಿಲ್ಲ, ಅದಕ್ಕೆ ಹೆದರಿಕೆ ಆಗುವುದಿಲ್ಲ ಅಷ್ಟೇ.

ಧೈರ್ಯ ಬರಲಿ ಅಂತ ಕಾಯಬೇಡಿ. ಹೆದರಿಕೆಯನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ. ‘ಏನಾದರೂ ಆದರೆ’ ಅಂತ ಬರೆದರೆ ಅದಕ್ಕೆ ಉತ್ತರ ಇಲ್ಲ. ‘ಇಎಂಐ ಕಟ್ಟಿ ಮನೆ ನಡೆಸಲು ಆಗದಿದ್ದರೆ’ ಅಂತ ಬರೆದರೆ ಪರೀಕ್ಷೆ ಮಾಡಿ ನೋಡಬಹುದು. ಈಗಿನ ಬಾಡಿಗೆ 18,000, ಇಎಂಐ 41,000 ಬರುತ್ತದೆ ಅಂದುಕೊಳ್ಳಿ. ಮುಂದಿನ ತಿಂಗಳಿಂದಲೇ ಸಂಬಳ ಬಂದ ದಿನ 23,000 ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ಮೂರು ತಿಂಗಳು ಮನೆ ನಡೆದರೆ ಆ ಹೆದರಿಕೆಗೆ ಉತ್ತರ ಸಿಕ್ಕಿತು. ನಡೆಯದಿದ್ದರೆ ಚಿಕ್ಕ ಮನೆ ನೋಡಬೇಕು ಅಂತ ಗೊತ್ತಾಯಿತು, ಅದೂ ಒಳ್ಳೆಯದೇ.

ಬಿಲ್ಡರ್ ಮೋಸ ಮಾಡಿದರೆ ಅನ್ನುವ ಭಯಕ್ಕೆ ಯೋಜನೆಯ ನಂಬರ್ ಹಾಕಿ, ಬಿಲ್ಡರುಗಳ ಮೇಲೆ ಕಣ್ಣಿಡುವ ಮಹಾರಾಷ್ಟ್ರದ ಸರ್ಕಾರಿ ಸಂಸ್ಥೆ ಮಹಾರೇರಾದ ವೆಬ್‌ಸೈಟಿನಲ್ಲಿ ನೋಡಿ. ಮಾರಾಟದ ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ 10%ಗಿಂತ ಜಾಸ್ತಿ ತಗೊಳ್ಳುವಂತಿಲ್ಲ ಅಂತ 2016ರ ರೇರಾ ಕಾಯ್ದೆಯೇ ಹೇಳುತ್ತದೆ.

ನನಗನಿಸುವುದು, ನಿಮ್ಮ ನಿಜವಾದ ಭಯ ಬೇರೆ: ಆಮೇಲೆ ಇದಕ್ಕಿಂತ ಒಳ್ಳೆಯದು ಸಿಕ್ಕರೆ? ಸಿಕ್ಕೇ ಸಿಗುತ್ತದೆ, ಮುಂಬೈ ಕಡೆ ಕಟ್ಟೋದು ನಿಲ್ಲೋದುಂಟಾ! ಹರ್ಬರ್ಟ್ ಸೈಮನ್ ಅಂತ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು ಅವರಿಗೆ. ಎಲ್ಲವನ್ನೂ ತೂಗಿ ಅತ್ಯುತ್ತಮವಾದದ್ದನ್ನೇ ಆರಿಸೋದು ಮನುಷ್ಯನ ಕೈಲಿ ಆಗೋದಲ್ಲ, ಮೊದಲೇ ಒಂದು ಮಟ್ಟ ಗೊತ್ತು ಮಾಡಿಕೊಂಡು ಅದನ್ನು ಮುಟ್ಟಿದ ಮೊದಲನೆಯದನ್ನೇ ತಗೋತಾನೆ ಅಂದರು. ಹಾಗೇ ಮಾಡಿ. ಸ್ಟೇಷನ್ನಿಗೆ ಎಷ್ಟು ದೂರ, ನೀರು ಹೇಗೆ, ಇಎಂಐ ಎಷ್ಟರ ತನಕ, ಇಬ್ಬರೂ ಕೂತು ಬರೆದಿಡಿ. ಅಷ್ಟಕ್ಕೆ ಹೊಂದುವ ಮೊದಲ ಮನೆಗೆ ಟೋಕನ್ ಕೊಡಿ, ಅವತ್ತೇ ಫ್ಲ್ಯಾಟ್ ತೋರಿಸುವ ಆ್ಯಪ್ ಅಳಿಸಿ.

ಪ್ರಶ್ನೆ ಕೇಳಿದವರು:
ಊರಲ್ಲಿ ಅಪ್ಪ ಕುಂದಾಪುರದ ಹತ್ತಿರ ಜಾಗ ತಗೋ ಅಂತಾರೆ. ಅದೂ ತಲೆಯಲ್ಲಿ ಕೊರೀತಾ ಇರುತ್ತದೆ.

ಆಪ್ತ ಸಮಾಲೋಚಕಿ:
ಅಪ್ಪನ ಹತ್ತಿರ ಮಾಹಿತಿ ಕೇಳಿ, ಒಪ್ಪಿಗೆ ಕೇಳಬೇಡಿ. ಕಂತು ಕಟ್ಟುವವರು ನೀವಿಬ್ಬರು.

ಠಾಣೆಯಿಂದ ಒಬ್ಬರು:
ನಿಮ್ಮದು ದೊಡ್ಡ ವಿಷಯ ಮಾರಾಯ್ರೆ! ನಾನು ಮಗನ ಬರ್ತ್‌ಡೇ ಕೇಕಿಗೂ ಅಕ್ಕನಿಗೆ, ಅತ್ತಿಗೆಗೆ, ಪಕ್ಕದ ಮನೆಯವರಿಗೆ ಫೋಟೋ ಕಳಿಸಿ ಕೇಳುತ್ತೇನೆ.

ಆಪ್ತ ಸಮಾಲೋಚಕಿ:
ಕೇಕ್ ಚೆನ್ನಾಗಿಲ್ಲ ಅಂದರೆ ಬೈಗುಳ ಹಂಚಿಕೊಳ್ಳಲು ಜನ ಬೇಕು, ಅಲ್ವಾ? ಈ ಸಲ ಸುಮ್ನೆ ಒಬ್ಬರೇ ಆರಿಸಿ. ಕೆಟ್ಟರೆ ಕೆಡಲಿ, ಮಗ ಹೇಗೂ ಕ್ರೀಮ್ ಮಾತ್ರ ತಿನ್ನುತ್ತಾನೆ.

ಮಡಗಾಂವ್‌ನಿಂದ ಒಬ್ಬರು:
ನನಗೆ ಸಣ್ಣ ನಿರ್ಧಾರಕ್ಕೂ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ವಾರಗಟ್ಟಲೆ ನಿದ್ದೆ ಸರಿ ಇಲ್ಲ. ನಾನೂ ಬರೆದಿಟ್ಟರೆ ಸಾಕಾ?

ಆಪ್ತ ಸಮಾಲೋಚಕಿ:
ಇಲ್ಲ, ನಿಮಗೆ ಅದು ಸಾಲದು. ಡಾಕ್ಟರಿಗೆ ತೋರಿಸಿ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಇವತ್ತೇ ಮಾಡಿ.